ಪುರಸಭೆಯ ಒಂದು ತಿಂಗಳ ಜಮಾ-ಖರ್ಚು ಓದುವುದು ಹೇಗೆ? ಅರ್ಜಿಯಿಂದ ಹಿಡಿದು ಮೇಲ್ಮನವಿಯವರೆಗೆ

ಪುರಸಭೆಯ ಲೆಕ್ಕ ಕೇಳಿ ಪಡೆದವರು ಬೇಕಾದಷ್ಟು ಜನ ಇದ್ದಾರೆ. ಅದನ್ನು ಕೊನೆಯವರೆಗೆ ಓದಿದವರು ಕಡಿಮೆ. ಕಾಗದದ ಕಟ್ಟು ಮನೆಗೆ ಬರುತ್ತದೆ, ಮೊದಲ ಪುಟದಲ್ಲಿ ಕೋಟಿಗಟ್ಟಲೆ ದುಡ್ಡು ಕಾಣುತ್ತದೆ, 'ಇಷ್ಟು ಹಣ ಇದ್ದೂ ನಮ್ಮ ಬೀದಿಗೆ ಚರಂಡಿ ಇಲ್ವಾ' ಅಂತ ಸಿಟ್ಟು ಬರುತ್ತದೆ, ಆಮೇಲೆ ಕಟ್ಟು ಅಟ್ಟ ಸೇರುತ್ತದೆ. ಹೊಸದಾಗಿ ಗೆದ್ದು ಬಂದ ವಾರ್ಡ್ ಸದಸ್ಯರ ಪಾಡೂ ಇದೇ. ಸಾಮಾನ್ಯ ಸಭೆಯಲ್ಲಿ ಜಮಾ-ಖರ್ಚಿನ ತಃಖ್ತೆ ಕೈಗೆ ಬರುತ್ತದೆ, ಐದು ನಿಮಿಷದಲ್ಲಿ 'ಸಭೆ ಒಪ್ಪಿದೆ' ಅಂತ ನಡಾವಳಿಯಲ್ಲಿ ಬರೆದಾಗುತ್ತದೆ.

ಎಡವುವುದು ಹೆಚ್ಚಾಗಿ ಓದುವ ಕ್ರಮದಲ್ಲಿ. ಎಲ್ಲರೂ ನೇರ ಖರ್ಚಿನ ಪಟ್ಟಿಗೆ ಹೋಗುತ್ತಾರೆ. ಮೊದಲು ನೋಡಬೇಕಾದದ್ದು ಬ್ಯಾಂಕು. ಆಮೇಲೆ ಆ ದುಡ್ಡು ಯಾರದು ಅನ್ನುವುದು, ಆಮೇಲೆ ವಸೂಲಿ, ಖರ್ಚು ಕೊನೆಗೆ. ಖರ್ಚಿನ ಪಕ್ಕದಲ್ಲೇ ಆ ತಿಂಗಳು ನಡೆದ ಕೆಲಸದ ಪುಸ್ತಕವೂ ಇರಬೇಕು. ದುಡ್ಡಿನ ಲೆಕ್ಕವನ್ನು ಕೆಲಸದ ಲೆಕ್ಕದಿಂದ ಬೇರೆ ಮಾಡಿ ಓದಿದರೆ ಏನೂ ಗೊತ್ತಾಗುವುದಿಲ್ಲ.

ಇಲ್ಲಿರುವುದು ಕರ್ನಾಟಕದ ಸಣ್ಣ ಊರುಗಳ ಮಾತು. 10 ಸಾವಿರದಿಂದ 20 ಸಾವಿರ ಜನ ಇರುವ ಊರಿಗೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರಕ್ಕೆ ಪುರಸಭೆ, ಅದರ ಮೇಲೆ 3 ಲಕ್ಷದವರೆಗೆ ನಗರಸಭೆ. ಮೂರಕ್ಕೂ ಲೆಕ್ಕದ ಪುಸ್ತಕಗಳು ಹೆಚ್ಚುಕಡಿಮೆ ಒಂದೇ. ನಗರಸಭೆಯಲ್ಲಿ ಪೌರಾಯುಕ್ತರು ಇರುವ ಜಾಗದಲ್ಲಿ ಪುರಸಭೆಯಲ್ಲಿ ಮುಖ್ಯಾಧಿಕಾರಿ ಇರುತ್ತಾರೆ, ಅಷ್ಟೇ. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಸಭೆಯ ಜಾಗದಲ್ಲಿ ಆಡಳಿತಾಧಿಕಾರಿ ಸಹಿ ಮಾಡುತ್ತಾರೆ. ಕಾಗದಗಳು ಆಗಲೂ ಅವೇ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ದಪ್ಪ ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ, ಕ್ಯಾಲ್ಕುಲೇಟರ್, ಎರಡು ಬಣ್ಣದ ಪೆನ್ನು. ಈ ವರ್ಷದ ಆಯವ್ಯಯ ಪುಸ್ತಕ. ನಿಮ್ಮ ವಾರ್ಡಿನಲ್ಲಿರುವ ಬೋರ್‌ವೆಲ್, ಟ್ಯಾಂಕ್, ಬೀದಿದೀಪದ ಕಂಬಗಳ ಒಂದು ಕೈಬರಹದ ಪಟ್ಟಿ. ಈ ಪಟ್ಟಿಯನ್ನು ಮಾತ್ರ ಯಾರೂ ಕೊಡುವುದಿಲ್ಲ, ಒಂದು ಭಾನುವಾರ ನಡೆದಾಡಿ ನೀವೇ ಮಾಡಿಕೊಳ್ಳಬೇಕು. ಇದಿಲ್ಲದೆ ಕೂತರೆ ಆರನೇ ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಇನ್ನೊಂದು ವಿಷಯ ಈಗಲೇ ತಿಳಿದಿರಲಿ. 'ಕರ್ನಾಟಕ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು, 2006' ಬಂದಮೇಲೆ ಪುರಸಭೆಗಳು ಜೋಡಿ ನಮೂದು ಪದ್ಧತಿಯಲ್ಲಿ ಲೆಕ್ಕ ಬರೆಯುತ್ತವೆ. ಹಾಗಾಗಿ ಎರಡು ಬಗೆಯ ಪಟ್ಟಿ ಇರುತ್ತದೆ. ಒಂದು, ಕೈಗೆ ಬಂದ ಮತ್ತು ಕೈಯಿಂದ ಹೋದ ದುಡ್ಡಿನ ಜಮಾ-ಖರ್ಚು. ಇನ್ನೊಂದು ಆದಾಯ-ವೆಚ್ಚದ ಪಟ್ಟಿ. ಅದರಲ್ಲಿ ಇನ್ನೂ ಬಾರದ ತೆರಿಗೆಯೂ ಆದಾಯ, ಕಟ್ಟಡ ಮತ್ತು ವಾಹನದ ಸವಕಳಿಯೂ ವೆಚ್ಚ. ಎರಡರ ಮೊತ್ತ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. 'ಎರಡು ಪಟ್ಟಿಯಲ್ಲಿ ಎರಡು ಲೆಕ್ಕ ತೋರಿಸಿದ್ದಾರೆ' ಅಂತ ದೂರು ಬರೆದವರು ಇಲ್ಲೇ ಮುಗ್ಗರಿಸುತ್ತಾರೆ. ತಿಂಗಳ ಲೆಕ್ಕಕ್ಕೆ ನಮಗೆ ಬೇಕಾದದ್ದು ಜಮಾ-ಖರ್ಚು.

## ಹಂತ 1: ಸರಿಯಾದ ತಿಂಗಳು ಆರಿಸಿ

ಏಪ್ರಿಲ್ ಬೇಡ. ಮಾರ್ಚ್ ಬೇಡ.

ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇ 5 ರಿಯಾಯಿತಿ ಇದೆ. ಜನ ಸಾಲುಗಟ್ಟಿ ಕಟ್ಟುತ್ತಾರೆ. ಆ ತಿಂಗಳ ಜಮಾ ನೋಡಿ 'ತಿಂಗಳಿಗೆ ಇಷ್ಟು ಬರುತ್ತೆ' ಅಂತ ಹನ್ನೆರಡರಿಂದ ಗುಣಿಸಿದರೆ ಲೆಕ್ಕ ಪೂರ್ತಿ ಹಾದಿ ತಪ್ಪುತ್ತದೆ. ಮೇ, ಜೂನ್‌ನಲ್ಲಿ ದಂಡ ಇಲ್ಲ, ಜುಲೈಯಿಂದ ತಿಂಗಳಿಗೆ ಶೇ 2 ದಂಡ ಶುರುವಾಗುತ್ತದೆ, ಅದಕ್ಕೇ ಜೂನ್ ಕೊನೆಗೆ ಮತ್ತೊಂದು ಸಣ್ಣ ಏರಿಕೆ ಕಾಣುತ್ತದೆ. ಮಾರ್ಚ್‌ನಲ್ಲಿ ಅನುದಾನ ಮುಗಿಸುವ ಅವಸರ, ಗುತ್ತಿಗೆದಾರರ ಬಿಲ್ಲುಗಳ ರಾಶಿ. ಮೊದಲ ಸಲ ಓದುವವರಿಗೆ ಅದು ತುಂಬಾ ಜಾಸ್ತಿ ಆಗುತ್ತದೆ.

ಆಗಸ್ಟ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಸೆಪ್ಟೆಂಬರ್‌ಗೆ ಇನ್ನೊಂದು ಅನುಕೂಲ ಇದೆ: ವರ್ಷದ ಆರು ತಿಂಗಳು ಮುಗಿದಿರುತ್ತದೆ. ಸಂಬಳ, ಡೀಸೆಲ್, ಬ್ಲೀಚಿಂಗ್ ಪುಡಿಯಂಥ ದಿನನಿತ್ಯದ ಖರ್ಚು ಆಯವ್ಯಯದಲ್ಲಿ ಇಟ್ಟದ್ದರ ಅರ್ಧದ ಹತ್ತಿರ ಇರಬೇಕು. ಅರ್ಧ ವರ್ಷಕ್ಕೇ ಮುಕ್ಕಾಲು ಖರ್ಚಾಗಿದ್ದರೆ ಪೆನ್ನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಒಂದು ತಿಂಗಳು ಪೂರ್ತಿ ಓದಿ ಮುಗಿಸದೆ ಎರಡನೆಯದನ್ನು ಕೇಳಬೇಡಿ.

## ಹಂತ 2: ಕಾಗದ ಕೇಳುವುದು

ಮೊದಲು ಕಚೇರಿಗೆ ಹೋಗಿ ಲೆಕ್ಕ ವಿಭಾಗದಲ್ಲಿ ಸುಮ್ನೆ ಕೇಳಿ. ತಿಂಗಳ ಜಮಾ-ಖರ್ಚು ಸಭೆಗೆ ಹೋಗುವ ಕಾಗದ, ಗುಟ್ಟಿನದೇನೂ ಅಲ್ಲ. ನಿಮ್ಮ ವಾರ್ಡ್ ಸದಸ್ಯರ ಹತ್ತಿರವೂ ಒಂದು ಪ್ರತಿ ಇರುತ್ತದೆ. ಸಿಗಲಿಲ್ಲ ಅಂದರೆ ಮಾಹಿತಿ ಹಕ್ಕು ಅರ್ಜಿ.

ಅರ್ಜಿ ತಿರಸ್ಕಾರ ಆಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಜನ ನಾಲ್ಕು ಪುಟದ ಅರ್ಜಿ ಬರೆಯುತ್ತಾರೆ, ರಸ್ತೆ, ನೀರು, ಖಾತೆ, ಲೆಕ್ಕ ಎಲ್ಲಾ ಒಟ್ಟಿಗೆ. ಎರಡನೆಯದು, 'ಯಾಕೆ', 'ಸರಿಯೇ' ಅಂತ ಪ್ರಶ್ನೆ ಹಾಕುತ್ತಾರೆ. ಈ ಕಾಯ್ದೆಯಲ್ಲಿ ಸಿಗುವುದು ಇರುವ ದಾಖಲೆಯ ಪ್ರತಿ, ವಿವರಣೆ ಸಿಗುವುದಿಲ್ಲ.

ಹೀಗೆ ಬರೆಯಿರಿ:

'ಈ ಪುರಸಭೆಯ 2025ರ ಸೆಪ್ಟೆಂಬರ್ ತಿಂಗಳ ಲೆಕ್ಕಕ್ಕೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿ ನೀಡಿ. 1) ಮಾಸಿಕ ಜಮಾ-ಖರ್ಚು ತಃಖ್ತೆ. 2) ತಿಂಗಳ ಕೊನೆಯ ದಿನಕ್ಕೆ ಇದ್ದಂತೆ ಎಲ್ಲ ಬ್ಯಾಂಕ್ ಖಾತೆಗಳ ಸಮನ್ವಯ ಪಟ್ಟಿ ಮತ್ತು ನಿಶ್ಚಿತ ಠೇವಣಿಗಳ ಪಟ್ಟಿ. 3) ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆಯ ಡಿಸಿಬಿ (ಬೇಡಿಕೆ, ವಸೂಲಿ, ಬಾಕಿ) ತಃಖ್ತೆ. 4) ತಿಂಗಳ ಕೊನೆಗೆ ಪಾವತಿಗೆ ಬಾಕಿ ಇದ್ದ ಬಿಲ್ಲುಗಳ ಪಟ್ಟಿ.'

ಅಷ್ಟೇ ಸಾಕು. ಸಭೆಯ ನಡಾವಳಿ ಬೇಕಿದ್ದರೆ ಅದಕ್ಕೆ ಬೇರೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಬಹುದು. ಬಿಪಿಎಲ್ ಕುಟುಂಬಕ್ಕೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಇಡಿ. ಪ್ರತಿಗೆ ಪುಟಕ್ಕೆ 2 ರೂಪಾಯಿ. ಉತ್ತರಕ್ಕೆ 30 ದಿನ. ಪುಟದ ಹಣ ಕಟ್ಟಿ ಅಂತ ಪತ್ರ ಬಂದ ದಿನದಿಂದ ನೀವು ಕಟ್ಟುವ ದಿನದವರೆಗಿನ ಸಮಯ ಈ 30ರಲ್ಲಿ ಸೇರುವುದಿಲ್ಲ, ಆದ್ದರಿಂದ ಪತ್ರ ಬಂದ ಕೂಡಲೇ ಕಟ್ಟಿಬಿಡಿ. 30 ದಿನ ದಾಟಿ ಕೊಟ್ಟರೆ ಉಚಿತವಾಗಿ ಕೊಡಬೇಕು. ಅರ್ಜಿ ಕೊಟ್ಟದ್ದಕ್ಕೆ ಸೀಲು ಹಾಕಿದ ಪ್ರತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ.

ನೌಕರರ ಬ್ಯಾಂಕ್ ಖಾತೆ ಸಂಖ್ಯೆ, ಮನೆ ವಿಳಾಸ, ರಜೆಯ ವೈದ್ಯಕೀಯ ಕಾಗದ ಕೇಳಬೇಡಿ. ಅದು ಅವರ ಖಾಸಗಿ ವಿಷಯ, ನಿಮ್ಮ ಲೆಕ್ಕಕ್ಕೂ ಬೇಕಿಲ್ಲ.

## ಹಂತ 3: ಶಿಲ್ಕು ಮತ್ತು ಬ್ಯಾಂಕ್ ತಾಳೆ ಹಾಕಿ

ತಃಖ್ತೆಯಲ್ಲಿ ನಾಲ್ಕು ಅಂಕಿ ಹುಡುಕಿ: ಆರಂಭದ ಶಿಲ್ಕು (ತಿಂಗಳ ಶುರುವಿಗೆ ಇದ್ದ ಹಣ), ತಿಂಗಳ ಜಮಾ, ತಿಂಗಳ ಖರ್ಚು, ಅಖೈರು ಶಿಲ್ಕು (ತಿಂಗಳ ಕೊನೆಗೆ ಉಳಿದ ಹಣ). ಮೊದಲಿನ ಎರಡನ್ನು ಕೂಡಿ ಖರ್ಚು ಕಳೆದರೆ ಅಖೈರು ಶಿಲ್ಕು ಬರಬೇಕು. ಈ ಸಣ್ಣ ಕೂಡು-ಕಳೆಯೇ ತಾಳೆ ಆಗದ ತಃಖ್ತೆಯನ್ನು ಮುಂದೆ ಓದಿ ಪ್ರಯೋಜನ ಇಲ್ಲ. ಬರೆದು ಕೊಟ್ಟು ಸರಿಯಾದದ್ದನ್ನು ಕೇಳಿ.

ಆಮೇಲೆ ಬ್ಯಾಂಕ್ ಸಮನ್ವಯ ಪಟ್ಟಿ. ನಗದು ಪುಸ್ತಕದ ಶಿಲ್ಕಿಗೂ ಬ್ಯಾಂಕಿನ ಶಿಲ್ಕಿಗೂ ವ್ಯತ್ಯಾಸ ಇರುವುದು ಸಹಜ. ಕೊಟ್ಟ ಚೆಕ್ ಇನ್ನೂ ಬ್ಯಾಂಕಿಗೆ ಬಂದಿರುವುದಿಲ್ಲ, ಬ್ಯಾಂಕ್ ಹಾಕಿದ ಬಡ್ಡಿ ಪುಸ್ತಕಕ್ಕೆ ಏರಿರುವುದಿಲ್ಲ. ಆ ವ್ಯತ್ಯಾಸ ಯಾವುದರಿಂದ ಬಂತು ಅಂತ ಸಾಲು ಸಾಲಾಗಿ ಬರೆದಿದ್ದಾರಾ ನೋಡಿ. 'ಹಿಂದಿನಿಂದ ಬಂದ ವ್ಯತ್ಯಾಸ' ಅಂತ ಒಂದೇ ಸಾಲಿನಲ್ಲಿ ದೊಡ್ಡ ಮೊತ್ತ ಹಾಕಿದ್ದರೆ ಅಲ್ಲಿ ಕೆಂಪು ಪೆನ್ನು ಬೇಕು.

ಚೆಕ್ಕಿನ ಆಯಸ್ಸು ಮೂರು ತಿಂಗಳು. ಹೋದ ಡಿಸೆಂಬರಿನಲ್ಲಿ ಬರೆದ ಚೆಕ್ ಸೆಪ್ಟೆಂಬರಿನ ಪಟ್ಟಿಯಲ್ಲೂ 'ನಗದಾಗದ ಚೆಕ್' ಅಂತ ಕೂತಿದ್ದರೆ ಅದು ಸತ್ತ ಚೆಕ್. ಅದನ್ನು ರದ್ದು ಮಾಡಿ ಹಣವನ್ನು ಪುಸ್ತಕಕ್ಕೆ ವಾಪಸ್ ತರಬೇಕಿತ್ತು. ಅಂಥವು ನಾಲ್ಕಾರು ಇವೆ ಅಂದರೆ ತಿಂಗಳ ತಾಳೆ ಕೆಲಸ ನಿಂತುಹೋಗಿದೆ ಎಂದೇ ಅರ್ಥ.

ಕೌಂಟರಿನಲ್ಲಿ ಬಿಲ್ ಕಲೆಕ್ಟರ್ ವಸೂಲಿ ಮಾಡಿದ ನಗದು ಬ್ಯಾಂಕಿಗೆ ಯಾವತ್ತು ಹೋಯಿತು ಅನ್ನುವುದನ್ನೂ ನೋಡಿ. ರಸೀದಿ ತಾರೀಖು, ಚಲನ್ ತಾರೀಖು ಪಕ್ಕಪಕ್ಕ ಬರೆದುಕೊಳ್ಳಿ. ಅದೇ ದಿನ ಅಥವಾ ಮರುದಿನದ ಬ್ಯಾಂಕ್ ವೇಳೆಯಲ್ಲಿ ಹೋಗಿರಬೇಕು. ವಾರಗಟ್ಟಲೆ ಅಂತರ ಇದ್ದರೆ ಅದು ಇಡೀ ಕಟ್ಟಿನಲ್ಲಿ ಅತಿ ಗಂಭೀರ ಸೂಚನೆ. ಬೇರೆಲ್ಲಾ ಬಿಟ್ಟು ಮೊದಲು ಅದನ್ನೇ ಕೇಳಿ.

ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. ಪುರಸಭೆಗೆ ಬ್ಯಾಂಕ್ ಖಾತೆ ಒಂದೇ ಇರುವುದಿಲ್ಲ, ಯೋಜನೆಗೊಂದು ಇರುತ್ತದೆ. ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಹಾಕಿದರೆ ಅದು ಜಮಾದಲ್ಲೂ ಬರುತ್ತದೆ, ಖರ್ಚಿನಲ್ಲೂ ಬರುತ್ತದೆ. ಇದನ್ನು ಲೆಕ್ಕದವರು ಕಾಂಟ್ರಾ ಅನ್ನುತ್ತಾರೆ. 50 ಲಕ್ಷ ಹೀಗೆ ಓಡಾಡಿದ್ದರೆ ಊರಿನ ಆದಾಯ ಜಾಸ್ತಿ ಆಗಿಲ್ಲ, ಖರ್ಚೂ ಜಾಸ್ತಿ ಆಗಿಲ್ಲ. ಎರಡೂ ಕಡೆ ಹೊಡೆದುಹಾಕಿ ಮುಂದೆ ಹೋಗಿ.

## ಹಂತ 4: ಆ ದುಡ್ಡು ಯಾರದು ಅಂತ ಬೇರ್ಪಡಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಜನ ಬಿಟ್ಟುಬಿಡುವುದೂ ಇದನ್ನೇ. ಬ್ಯಾಂಕಿನಲ್ಲಿರುವ ದುಡ್ಡೆಲ್ಲಾ ಪುರಸಭೆ ತನಗೆ ಬೇಕಾದ ಹಾಗೆ ಖರ್ಚು ಮಾಡುವಂಥದ್ದಲ್ಲ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ.

ಒಂದನೇ ಕಾಲಂ, ಸ್ವಂತ ನಿಧಿ. ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ, ಸಂತೆ ಸುಂಕದ ಹರಾಜು. ಇದರಲ್ಲೂ ಪೂರ್ತಿ ಸ್ವಾತಂತ್ರ್ಯ ಇಲ್ಲ. ಶೇ 24.10 ಪರಿಶಿಷ್ಟ ಜಾತಿ-ಪಂಗಡದವರ ಅಭಿವೃದ್ಧಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲಿಡಬೇಕು. ಈ ಮೂರರ ಖರ್ಚು ಎಷ್ಟಾಯಿತು ಅನ್ನುವುದನ್ನು ಪ್ರತಿ ತಿಂಗಳೂ ನೋಡಿ. ವರ್ಷವಿಡೀ ಸೊನ್ನೆ ಇಟ್ಟು ಮಾರ್ಚ್‌ನಲ್ಲಿ ಒಮ್ಮೆಗೇ ಖರ್ಚು ಹಾಕುವ ಊರುಗಳಲ್ಲಿ ಫಲಾನುಭವಿಗಳ ಆಯ್ಕೆ ಸರಿಯಾಗಿ ಆಗುವುದೇ ಇಲ್ಲ. ವಿದ್ಯಾರ್ಥಿಗೆ ಜೂನ್‌ನಲ್ಲಿ ಬೇಕಿದ್ದ ಶುಲ್ಕದ ನೆರವು ಮಾರ್ಚ್‌ನಲ್ಲಿ ಬಂದರೆ ಏನು ಉಪಯೋಗ?

ಎರಡನೇ ಕಾಲಂ, ಅನುದಾನ. ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ಸಂಬಳದ್ದು ಬೇರೆ, ವಿದ್ಯುತ್ ಬಿಲ್ಲಿನದು ಬೇರೆ, ಮುಕ್ತ ನಿಧಿ ಬೇರೆ. ಕೇಂದ್ರದ 15ನೇ ಹಣಕಾಸು ಆಯೋಗದ ಹಣ 2021ರಿಂದ 2026ರ ಅವಧಿಯದು. ಸಣ್ಣ ಊರುಗಳಿಗೆ ಅದರಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಉಳಿದ ಶೇ 40 ಊರಿನ ಅಗತ್ಯಕ್ಕೆ, ಆದರೆ ಅದರಿಂದ ಸಂಬಳ ಕೊಡುವ ಹಾಗಿಲ್ಲ. ಸ್ವಚ್ಛ ಭಾರತ, ಅಮೃತ್ ಹಣ ಇದ್ದರೆ ಅವೂ ಇಲ್ಲೇ.

ಮೂರನೇ ಕಾಲಂ, ಬೇರೆಯವರಿಗೆ ಸೇರಬೇಕಾದ ಉಪಕರ. ಆಸ್ತಿ ತೆರಿಗೆಯ ಮೇಲೆ ಶೇ 15 ಆರೋಗ್ಯ, ಶೇ 6 ಗ್ರಂಥಾಲಯ, ಶೇ 3 ಭಿಕ್ಷುಕರ ಉಪಕರ ಸೇರುತ್ತದೆ, ನಗರ ಸಾರಿಗೆಯದು ಶೇ 2. ನೀವು 1,000 ರೂಪಾಯಿ ತೆರಿಗೆಗೆ 1,260 ಕಟ್ಟುತ್ತೀರಿ ಅಂದರೆ ಆ 260 ಪುರಸಭೆಯ ಆದಾಯ ಅಲ್ಲ, ಆಯಾ ಇಲಾಖೆಗೆ ದಾಟಿಸಬೇಕಾದ ಹಣ. ದಾಟಿಸದೆ ತನ್ನ ಖರ್ಚಿಗೆ ಬಳಸಿಕೊಂಡಿದ್ದರೆ ಅದು ಪುರಸಭೆಯ ತಲೆ ಮೇಲೆ ಸಾಲವಾಗಿ ಬೆಳೆಯುತ್ತಾ ಹೋಗುತ್ತದೆ. ಊರಿನ ಗ್ರಂಥಾಲಯಕ್ಕೆ ಪುಸ್ತಕ ಬಂದಿಲ್ಲ ಅನ್ನುವವರು ಈ ಸಾಲನ್ನು ತೆರೆದು ನೋಡಬೇಕು.

ನಾಲ್ಕನೇ ಕಾಲಂ, ಠೇವಣಿ ಮತ್ತು ಕಡಿತ. ಗುತ್ತಿಗೆದಾರರ ಇಎಂಡಿ (ಟೆಂಡರ್ ಹಾಕುವಾಗ ಇಡುವ ಹಣ), ಭದ್ರತಾ ಠೇವಣಿ, ಮಳಿಗೆಯವರ ಮುಂಗಡ ಠೇವಣಿ, ಬಿಲ್ಲಿನಲ್ಲಿ ಹಿಡಿದ ತೆರಿಗೆ.

ಒಂದು ಉದಾಹರಣೆ ಹಾಕಿ ನೋಡೋಣ, ಅಂಕಿಗಳು ಬರೀ ಲೆಕ್ಕ ತಿಳಿಯಲು. ಅಖೈರು ಶಿಲ್ಕು 2 ಕೋಟಿ 10 ಲಕ್ಷ ಅಂತಿಟ್ಟುಕೊಳ್ಳಿ. ಅದರಲ್ಲಿ 15ನೇ ಹಣಕಾಸಿನದು 80 ಲಕ್ಷ, ಸ್ವಚ್ಛ ಭಾರತದ್ದು 28 ಲಕ್ಷ, ಉಪಕರ 22 ಲಕ್ಷ, ಠೇವಣಿ 45 ಲಕ್ಷ. ಕಳೆದರೆ ಉಳಿಯುವುದು 35 ಲಕ್ಷ. ಮುಖ್ಯಾಧಿಕಾರಿ 'ಹಣ ಇಲ್ಲ' ಅಂದಾಗ ಸುಳ್ಳು ಹೇಳುತ್ತಿದ್ದಾರಾ, ನಿಜ ಹೇಳುತ್ತಿದ್ದಾರಾ ಅನ್ನುವುದು ಈ 35ರ ಮೇಲೆ ಗೊತ್ತಾಗುತ್ತದೆ, 2 ಕೋಟಿಯ ಮೇಲೆ ಅಲ್ಲ.

ಅಪಾಯದ ಗುರುತು ಹೀಗೆ: ಎರಡು, ಮೂರು, ನಾಲ್ಕನೇ ಕಾಲಂಗಳ ಮೊತ್ತ ಬ್ಯಾಂಕಿನಲ್ಲಿರುವ ಒಟ್ಟು ಹಣಕ್ಕಿಂತ ಜಾಸ್ತಿ ಬಂದರೆ, ಯಾರದೋ ದುಡ್ಡನ್ನು ಈಗಾಗಲೇ ತಿಂದಾಗಿದೆ. ತೀರ್ಮಾನಕ್ಕೆ ಬರುವ ಮೊದಲು ನಿಶ್ಚಿತ ಠೇವಣಿಗಳ ಪಟ್ಟಿ ಕೂಡಿಸಿದಿರಾ ನೋಡಿಕೊಳ್ಳಿ. ಅವು ತಃಖ್ತೆಯ ಶಿಲ್ಕಿನಲ್ಲಿ ಕಾಣದೇ ಇರಬಹುದು.

## ಹಂತ 5: ವಸೂಲಿಯನ್ನು ಎರಡಾಗಿ ಒಡೆಯಿರಿ

ಡಿಸಿಬಿ ಅಂದರೆ ಬೇಡಿಕೆ, ವಸೂಲಿ, ಬಾಕಿ. ಈ ಪಟ್ಟಿಯಲ್ಲಿ ಶೇಕಡಾ ನೋಡಿ ಖುಷಿಪಡಬೇಡಿ. ಬೇಡಿಕೆಯಲ್ಲಿ ಹಳೇ ಬಾಕಿ ಬೇರೆ, ಚಾಲ್ತಿ ಬೇರೆ.

ಚಾಲ್ತಿ ಬೇಡಿಕೆ 100 ಲಕ್ಷ, ಹಳೇ ಬಾಕಿ 60 ಲಕ್ಷ, ವಸೂಲಿ ಒಟ್ಟು 80 ಲಕ್ಷ ಅಂತಿರಲಿ. 80ನ್ನು 100ಕ್ಕೆ ಹೋಲಿಸಿ 'ಶೇ 80 ವಸೂಲಿ' ಅಂತ ಸಭೆಯಲ್ಲಿ ಓದಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ನಿಜಕ್ಕೂ ಅದು 160ರಲ್ಲಿ 80, ಅರ್ಧ. ಆ 80ರಲ್ಲಿ 40 ಹಳೇ ಬಾಕಿ ಆಗಿದ್ದರೆ ಚಾಲ್ತಿ ವಸೂಲಿ ಬರೀ ಶೇ 40. ಮುಂದಿನ ವರ್ಷಕ್ಕೆ 60 ಲಕ್ಷದ ಹೊಸ ಬಾಕಿ ತಯಾರಾಗುತ್ತಿದೆ ಅಂತ ಅರ್ಥ.

ಬೇಡಿಕೆಯೇ ಕಡಿಮೆ ತೋರಿಸುವುದು ಇನ್ನೊಂದು ಬಗೆ. ಹೊಸ ಬಡಾವಣೆಯ ಮನೆಗಳು ಪುಸ್ತಕಕ್ಕೆ ಏರಿಲ್ಲ, ಎರಡಂತಸ್ತು ಆದ ಮನೆ ಇನ್ನೂ ಹೆಂಚಿನ ಮನೆಯ ತೆರಿಗೆಯಲ್ಲೇ ಇದೆ. ನಿಮ್ಮ ಬೀದಿಯ ಮನೆ ಎಣಿಸಿ, ಡಿಸಿಬಿಯಲ್ಲಿ ನಿಮ್ಮ ವಾರ್ಡಿನ ಆಸ್ತಿ ಸಂಖ್ಯೆ ನೋಡಿ.

ನೀರಿಗೂ ಇದೇ ಲೆಕ್ಕ. ನಲ್ಲಿ ಸಂಪರ್ಕದ ಸಂಖ್ಯೆಯನ್ನು ತಿಂಗಳ ದರದಿಂದ ಗುಣಿಸಿ. 6,000 ಸಂಪರ್ಕ, ತಿಂಗಳಿಗೆ 120 ರೂಪಾಯಿ ಅಂದರೆ 7 ಲಕ್ಷ 20 ಸಾವಿರ ಬೇಡಿಕೆ ಇರಬೇಕು. ಡಿಸಿಬಿಯಲ್ಲಿ 5 ಲಕ್ಷ ಇದ್ದರೆ ಉಳಿದ ನಲ್ಲಿಗಳು ಎಲ್ಲಿ? ಅಕ್ರಮ ಸಂಪರ್ಕ ಅಂತ ಬಡವರ ಬೀದಿಗೆ ಬೆರಳು ತೋರಿಸುವ ಮೊದಲು ವಾಣಿಜ್ಯ ದರದಲ್ಲಿರಬೇಕಾದ ಲಾಡ್ಜು, ಹೋಟೆಲು, ಕಲ್ಯಾಣ ಮಂಟಪಗಳು ಯಾವ ದರದಲ್ಲಿವೆ ಅಂತ ಕೇಳಿ.

ಮಳಿಗೆ ಬಾಡಿಗೆಯಲ್ಲಿ ಕೇಳಬೇಕಾದದ್ದು ಒಂದೇ: ಕರಾರು ಮುಗಿದ ಮಳಿಗೆಗಳು ಎಷ್ಟು, ಅವುಗಳಿಂದ ಈಗ ಯಾವ ಬಾಡಿಗೆ ಬರುತ್ತಿದೆ.

## ಹಂತ 6: ವಿಭಾಗವಾರು ಖರ್ಚನ್ನು ಕೆಲಸದ ಪುಸ್ತಕದ ಪಕ್ಕ ಇಡಿ

ಇಲ್ಲಿ ನಿಮ್ಮ ವಾರ್ಡಿನ ಪಟ್ಟಿ ಬೇಕಾಗುತ್ತದೆ.

ನೀರು. ಮೋಟಾರ್ ರಿಪೇರಿ ಬಿಲ್ಲುಗಳನ್ನು ಬೋರ್‌ವೆಲ್‌ವಾರು ಬರೆಯಿರಿ. ಒಂದೇ ಬೋರ್‌ವೆಲ್ಲಿನ ಮೋಟಾರ್ ಮೂರು ತಿಂಗಳಲ್ಲಿ ಮೂರು ಸಲ ಸುಟ್ಟಿದ್ದರೆ ವೋಲ್ಟೇಜ್ ಸಮಸ್ಯೆ ಇರಬೇಕು, ಇಲ್ಲವೇ ರಿಪೇರಿ ಸರಿ ಆಗಿಲ್ಲ, ಇಲ್ಲವೇ ರಿಪೇರಿಯೇ ಆಗಿಲ್ಲ. ವಾಲ್ವ್‌ಮ್ಯಾನ್ ಹತ್ತಿರ ಒಮ್ಮೆ ಮಾತಾಡಿ, ಯಾವ ಮೋಟಾರ್ ಯಾವಾಗ ಎತ್ತಿದರು ಅಂತ ಅವರಿಗೆ ಬಾಯಿಪಾಠ ಇರುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಆರ್‌ಆರ್ ನಂಬರ್ ಒಂದೊಂದಾಗಿ ನೋಡಿ. ಬತ್ತಿಹೋದ, ವರ್ಷಗಳಿಂದ ನಿಂತ ಬೋರ್‌ವೆಲ್ಲಿಗೂ ಬಿಲ್ ಬರುತ್ತಿದ್ದರೆ ಆ ಸಂಪರ್ಕ ಕಡಿತಗೊಳಿಸಬೇಕಿತ್ತು. ಟ್ಯಾಂಕರ್ ನೀರಿನ ಬಿಲ್ಲಿಗೆ ಟ್ರಿಪ್ ಶೀಟ್ ಇರಬೇಕು, ಅದರಲ್ಲಿ ಬೀದಿಯ ಹೆಸರು, ನೀರು ಪಡೆದವರ ಸಹಿ ಇರಬೇಕು. ಮಳೆಗಾಲದ ಸೆಪ್ಟೆಂಬರಿನಲ್ಲಿ ಟ್ಯಾಂಕರ್ ಬಿಲ್ ಜೋರಾಗಿದ್ದರೆ ಕೇಳಲೇಬೇಕು.

ನೈರ್ಮಲ್ಯ. ಪೌರಕಾರ್ಮಿಕರ ವಿಷಯದಲ್ಲಿ ಎರಡು ಪುಸ್ತಕ: ಹಾಜರಿ, ವೇತನ ಪಟ್ಟಿ. ಹಾಜರಿಯಲ್ಲಿರುವ ಸಂಖ್ಯೆ, ಬೆಳಗಿನ ಉಪಾಹಾರದ ಬಿಲ್ಲಿನಲ್ಲಿರುವ ಸಂಖ್ಯೆ, ವೇತನ ಪಟ್ಟಿಯ ಸಂಖ್ಯೆ ಮೂರೂ ಒಂದಕ್ಕೊಂದು ಹೊಂದಬೇಕು. ಸಾಮಾನ್ಯವಾಗಿ ಹೊಂದದೇ ಇರುವುದು ಇಲ್ಲೇ. ಹೊರಗುತ್ತಿಗೆಯ ಚಾಲಕರು, ಲೋಡರ್‌ಗಳು ಇದ್ದರೆ ಪಿಎಫ್, ಇಎಸ್‌ಐ ಚಲನ್ ನೋಡದೆ ಬಿಡಬೇಡಿ. ಪಿಎಫ್‌ಗೆ ನೌಕರರ ಪಾಲು ಶೇ 12, ಮಾಲೀಕರ ಪಾಲು ಶೇ 12. ಇಎಸ್‌ಐಗೆ ಶೇ 0.75 ಮತ್ತು ಶೇ 3.25. ಎರಡೂ ಮುಂದಿನ ತಿಂಗಳ 15ರೊಳಗೆ ಕಟ್ಟಿರಬೇಕು. ಪುರಸಭೆ ಏಜೆನ್ಸಿಗೆ ಪೂರ್ತಿ ಹಣ ಕೊಟ್ಟಿದೆ, ಏಜೆನ್ಸಿ ಕಾರ್ಮಿಕರ ಪಿಎಫ್ ಕಟ್ಟಿಲ್ಲ ಅನ್ನುವುದು ಅದೆಷ್ಟೋ ಊರಿನ ದುಃಖ. ಕಾರ್ಮಿಕರು ಉಮಂಗ್ ಆ್ಯಪ್‌ನಲ್ಲಿ ತಮ್ಮ ಪಾಸ್‌ಬುಕ್ ತಾವೇ ನೋಡಬಹುದು. ಅವರಿಗೆ ತೋರಿಸಿಕೊಡಿ, ಅವರ ಜೊತೆ ಕೂತು ನೋಡಿ. ಬೆಳಿಗ್ಗೆ ಆರಕ್ಕೆ ನಮ್ಮ ಬೀದಿ ಗುಡಿಸುವವರ ಮುಪ್ಪಿನ ದುಡ್ಡು ಅದು.

ವಾಹನ. ಆಟೋ ಟಿಪ್ಪರ್, ಟ್ರ್ಯಾಕ್ಟರ್, ಸಕ್ಕಿಂಗ್ ಯಂತ್ರ, ಜೆಸಿಬಿ ಪ್ರತಿಯೊಂದಕ್ಕೂ ಲಾಗ್ ಪುಸ್ತಕ ಇರುತ್ತದೆ. ತಿಂಗಳ ಡೀಸೆಲ್ ಲೀಟರನ್ನು ಓಡಿದ ಕಿಲೋಮೀಟರಿಗೆ ಭಾಗಿಸಿ. ರಿಪೇರಿಗೆ ನಿಂತಿದ್ದ ವಾರದಲ್ಲೂ ಡೀಸೆಲ್ ಹಾಕಿದ್ದರೆ ಲಾಗ್ ಪುಸ್ತಕವೇ ಹೇಳಿಬಿಡುತ್ತದೆ.

ಬೀದಿದೀಪ. ದಾಸ್ತಾನು ಪುಸ್ತಕದಲ್ಲಿ ಬಂದ ಬಲ್ಬು, ಕೊಟ್ಟ ಬಲ್ಬು, ವಾಪಸ್ ಬಂದ ಹಳೇ ಬಲ್ಬು. ಮೂರನೇ ಕಾಲಂ ಖಾಲಿ ಇರುವ ಊರೇ ಜಾಸ್ತಿ.

## ಹಂತ 7: ಒಂದೇ ಒಂದು ಕಾಮಗಾರಿ ಬಿಲ್ಲನ್ನು ಹಿಂದಕ್ಕೆ ಹಿಡಿದು ಹೋಗಿ

ಎಲ್ಲಾ ಬಿಲ್ಲು ನೋಡಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ನಿಮ್ಮ ಮನೆಯ ಹತ್ತಿರದ್ದು, ಕಣ್ಣಿಗೆ ಕಾಣುವಂಥದ್ದು ಒಂದನ್ನು ಆರಿಸಿ. ಆ ಕಡತ ಪರಿಶೀಲಿಸಲು ಅವಕಾಶ ಕೇಳಿ. ಪ್ರತಿ ತೆಗೆಸುವುದಕ್ಕಿಂತ ಇಡೀ ಕಡತ ಮುಂದಿಟ್ಟುಕೊಂಡು ಕೂರುವುದು ಒಳ್ಳೆಯದು.

ಹೀಗೆ ಹಿಂದಕ್ಕೆ ಹೋಗಿ: ಪಾವತಿ ವೋಚರ್, ಬಿಲ್, ಅಳತೆ ಪುಸ್ತಕ (ಎಲ್ಲರೂ ಎಂಬಿ ಅನ್ನುತ್ತಾರೆ), ಕಾರ್ಯಾದೇಶ, ಟೆಂಡರ್, ಅಂದಾಜು ಪಟ್ಟಿ, ಕ್ರಿಯಾಯೋಜನೆ, ಸಭೆಯ ನಿರ್ಣಯ. ಪ್ರತಿಯೊಂದರ ತಾರೀಖು ಬರೆದುಕೊಳ್ಳಿ. ತಾರೀಖು ಸರಿಯಾದ ಕ್ರಮದಲ್ಲಿ ಇವೆಯಾ ಅನ್ನುವುದೇ ಅರ್ಧ ಪರೀಕ್ಷೆ. ಕಾರ್ಯಾದೇಶಕ್ಕಿಂತ ಮೊದಲೇ ಅಳತೆ ಬರೆದಿದ್ದರೆ, ಕೆಲಸ ಮುಗಿದ ಮೇಲೆ ಸಭೆಯ 'ಘಟನೋತ್ತರ ಅನುಮೋದನೆ' ಪಡೆದಿದ್ದರೆ, ಒಂದೇ ಚರಂಡಿಯನ್ನು ಮೂರು ತುಂಡು ಮಾಡಿ ಮೂರು ಸಣ್ಣ ಅಂದಾಜು ಮಾಡಿದ್ದರೆ ಗುರುತು ಹಾಕಿ. ನಿಜವಾದ ತುರ್ತಿನಲ್ಲಿ, ಪೈಪ್ ಒಡೆದು ಊರಿಗೆ ನೀರು ನಿಂತಾಗ, ಘಟನೋತ್ತರ ಅನುಮೋದನೆ ತಪ್ಪಲ್ಲ. ಪಾರ್ಕಿನ ಗೇಟಿಗೆ ಬಣ್ಣ ಹಚ್ಚಲು ತುರ್ತು ಇರುವುದಿಲ್ಲ, ಅಲ್ವಾ?

ಆಮೇಲೆ ಟೇಪು ಹಿಡಿದು ಸ್ಥಳಕ್ಕೆ ಹೋಗಿ. ಎಂಬಿಯಲ್ಲಿ ಬರೆದ ಉದ್ದ, ಅಗಲ ನೀವೂ ಅಳೆಯಿರಿ. ಕಾಂಕ್ರೀಟಿನ ದಪ್ಪ ಅಳೆಯಲು ರಸ್ತೆಯ ಅಂಚು ಸಾಕು, ಎಲ್ಲೂ ಅಗೆಯಬೇಡಿ.

ಬಿಲ್ಲಿನ ಕಡಿತಗಳನ್ನು ಬಿಡಬೇಡಿ. ಆದಾಯ ತೆರಿಗೆ ವ್ಯಕ್ತಿಗಾದರೆ ಶೇ 1, ಕಂಪನಿ ಅಥವಾ ಪಾಲುದಾರಿಕೆಗೆ ಶೇ 2. ಎರಡೂವರೆ ಲಕ್ಷ ಮೀರಿದ ಗುತ್ತಿಗೆಗೆ ಜಿಎಸ್‌ಟಿ ಟಿಡಿಎಸ್ (ಬಿಲ್ ಕೊಡುವಾಗಲೇ ಹಿಡಿಯುವ ತೆರಿಗೆ) ಶೇ 2. ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇ 1. ಜಲ್ಲಿ, ಮರಳಿನ ರಾಜಧನ. ಹಿಡಿದದ್ದನ್ನು ಕಟ್ಟಿದ ಚಲನ್ ಇದೆಯಾ? ಆದಾಯ ತೆರಿಗೆಯದು ಮುಂದಿನ ತಿಂಗಳ 7ರೊಳಗೆ, ಜಿಎಸ್‌ಟಿಯದು 10ರೊಳಗೆ ಹೋಗಿರಬೇಕು. ತಡ ಆದರೆ ಬಡ್ಡಿ ಬೀಳುತ್ತದೆ, ಆ ಬಡ್ಡಿ ಹೋಗುವುದು ನಮ್ಮ ತೆರಿಗೆ ಹಣದಿಂದಲೇ.

## ಹಂತ 8: ತಃಖ್ತೆಯಲ್ಲಿ ಇಲ್ಲದ್ದನ್ನು ಹುಡುಕಿ

ಜಮಾ-ಖರ್ಚಿನಲ್ಲಿ ಕಾಣುವುದು ಕೊಟ್ಟ ದುಡ್ಡು ಮಾತ್ರ. ಕೊಡಬೇಕಾದದ್ದು ಅಲ್ಲಿ ಇರುವುದಿಲ್ಲ. ಒಂದು ತಿಂಗಳ ಖರ್ಚು ಚೊಕ್ಕವಾಗಿ ಕಡಿಮೆ ಕಂಡರೆ ಬಿಲ್ಲುಗಳನ್ನು ಮೇಜಿನಲ್ಲೇ ಇಟ್ಟುಕೊಂಡಿರಬಹುದು. ಅದಕ್ಕೇ ಅರ್ಜಿಯಲ್ಲಿ ಬಾಕಿ ಬಿಲ್ಲುಗಳ ಪಟ್ಟಿ ಕೇಳಿದ್ದು. ಎಸ್ಕಾಂ (ವಿದ್ಯುತ್ ಕಂಪನಿ) ಬಾಕಿ, ಗುತ್ತಿಗೆದಾರರ ಬಾಕಿ, ನಿವೃತ್ತ ನೌಕರರಿಗೆ ಕೊಡಬೇಕಾದದ್ದು, ಹಂತ 4ರ ಉಪಕರ ಎಲ್ಲಾ ಕೂಡಿಸಿ, ಆ 35 ಲಕ್ಷದಂಥ ಉಳಿಕೆಯ ಪಕ್ಕ ಇಡಿ. ಊರಿನ ನಿಜವಾದ ಸ್ಥಿತಿ ಆಗ ಗೊತ್ತಾಗುತ್ತದೆ.

ನೌಕರರಿಗೆ ಕೊಟ್ಟ ಮುಂಗಡವನ್ನೂ ನೋಡಿ. ಜಯಂತಿ, ಉತ್ಸವ, ತುರ್ತು ರಿಪೇರಿ ಅಂತ ಮುಂಗಡ ಕೊಟ್ಟು ತಿಂಗಳುಗಟ್ಟಲೆ ವೋಚರ್ ಬಾರದೇ ಇದ್ದರೆ ಅದು ಹೊಂದಾಣಿಕೆ ಆಗದ ಮುಂಗಡ. ಲೆಕ್ಕಪರಿಶೋಧಕರು ಪ್ರತಿ ವರ್ಷ ಬರೆಯುವ ಆಕ್ಷೇಪಣೆಗಳಲ್ಲಿ ಇದು ಸದಾ ಇರುತ್ತದೆ.

## ಹಂತ 9: ಪ್ರಶ್ನೆ ಬರೆಯುವುದು

ಇಲ್ಲಿಗೆ ಬರುವಷ್ಟರಲ್ಲಿ ನೋಟ್‌ಬುಕ್ಕಿನಲ್ಲಿ ಹತ್ತಾರು ಕೆಂಪು ಗುರುತು ಇರುತ್ತವೆ. ಎಲ್ಲವನ್ನೂ ಒಂದೇ ದೂರಿನಲ್ಲಿ ತುಂಬಿದರೆ ಉತ್ತರ ಒಂದಕ್ಕೂ ಬರುವುದಿಲ್ಲ. ಹೆಚ್ಚೆಂದರೆ ಮೂರು ಆರಿಸಿ. ಪ್ರತಿ ಪ್ರಶ್ನೆಯಲ್ಲಿ ವೋಚರ್ ಸಂಖ್ಯೆ, ತಾರೀಖು, ಮೊತ್ತ, ಯಾವ ಎರಡು ಕಾಗದ ಹೊಂದುತ್ತಿಲ್ಲ ಅನ್ನುವುದು ಇರಲಿ. 'ಭ್ರಷ್ಟಾಚಾರ', 'ಲೂಟಿ' ಅಂತ ಬರೆಯಬೇಡಿ. ಎಷ್ಟೋ ಸಲ ಒಬ್ಬರೇ ಲೆಕ್ಕಿಗರು ಎರಡು ಊರಿನ ಪುಸ್ತಕ ನೋಡುತ್ತಿರುತ್ತಾರೆ, ನಮೂದು ತಡವಾಗಿರುತ್ತದೆ. ಅವರಿಗೆ ಉತ್ತರ ಕೊಡಲು ಜಾಗ ಬಿಡಿ.

ಮೊದಲ ಪ್ರತಿ ಮುಖ್ಯಾಧಿಕಾರಿಗೆ. ಎರಡನೆಯದು ವಾರ್ಡ್ ಸದಸ್ಯರಿಗೆ, ಮುಂದಿನ ಸಾಮಾನ್ಯ ಸಭೆಯಲ್ಲಿ ಅವರು ಕೇಳಿದರೆ ಉತ್ತರ ನಡಾವಳಿಗೆ ಏರುತ್ತದೆ, ಬಾಯಿಮಾತಿನಲ್ಲಿ ಹಾರಿಹೋಗುವುದಿಲ್ಲ. ಉತ್ತರ ಬಾರದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ, ಯೋಜನಾ ನಿರ್ದೇಶಕರ ಹೆಸರಿಗೆ. ಅಲ್ಲೂ ಆಗದಿದ್ದರೆ ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯಕ್ಕೆ. ಲೆಕ್ಕದ ತಪ್ಪೇ ಆಗಿದ್ದರೆ ರಾಜ್ಯ ಲೆಕ್ಕಪರಿಶೋಧನೆ ಇಲಾಖೆಯ ಜಿಲ್ಲಾ ಕಚೇರಿಗೂ ಒಂದು ಪ್ರತಿ ಹಾಕಿ. ಅವರು ಆ ವರ್ಷದ ಪುಸ್ತಕ ತೆರೆಯುವಾಗ ನಿಮ್ಮ ವೋಚರ್ ಸಂಖ್ಯೆ ಕೆಲಸಕ್ಕೆ ಬರುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗೇ ಉತ್ತರ ಬಂದಿಲ್ಲ ಅಂದರೆ ದಾರಿ ಬೇರೆ. 30 ದಿನ ಮುಗಿದ ಮೇಲೆ 30 ದಿನದೊಳಗೆ ಮೊದಲ ಮೇಲ್ಮನವಿ. ಅದರ ಆದೇಶ ಬಂದ ಮೇಲೆ, ಅಥವಾ ಬರಬೇಕಿದ್ದ ದಿನ ದಾಟಿದ ಮೇಲೆ, 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಈ ತಾರೀಖುಗಳನ್ನು ಅರ್ಜಿ ಕೊಟ್ಟ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಸೀಲು ಬಿದ್ದ ಅರ್ಜಿಯ ಪ್ರತಿ, ಪೋಸ್ಟಲ್ ಆರ್ಡರ್ ಸಂಖ್ಯೆ, ಬಂದ ಉತ್ತರದ ಲಕೋಟೆ ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಉತ್ತರ ಯಾವತ್ತು ಬಂತು ಅನ್ನುವುದಕ್ಕೆ ಲಕೋಟೆಯ ಮೇಲಿನ ಅಂಚೆ ಮುದ್ರೆಯೇ ಸಾಕ್ಷಿ.